ಬಲಮಿದುಳಿನ ಹೆಸರಿನಲ್ಲಿ ಶುಲ್ಕ

ಮಾನ್ಯರೇ,

ಬಾಗಲಕೋಟೆಯ ನವನಗರದಲ್ಲಿ ‘ನಿಮ್ಮ ಮಗುವಿನ ಬಲಮಿದುಳನ್ನು ಜಾಗೃತಗೊಳಿಸುತ್ತೇವೆ’ ಎಂಬ ತರಬೇತಿ ಕೇಂದ್ರವೊಂದರ ಫಲಕ ಕಂಡು ಈ ಪತ್ರ ಬರೆಯುತ್ತಿದ್ದೇನೆ. ಸೃಜನಶೀಲತೆಯ ನೆಲೆ ಬಲಮಿದುಳು ಎಂಬ ನಂಬಿಕೆ ಇದರ ಹಿಂದಿದೆ. ಆದರೆ ಸೃಜನಶೀಲತೆ ಮಿದುಳಿನ ಒಂದೇ ಮಗ್ಗುಲಲ್ಲಿ ಮನೆ ಮಾಡಿಕೊಂಡಿಲ್ಲ. 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಂಶೋಧಕ ರೋಜರ್ ಬೀಟಿ ಮತ್ತು ಸಂಗಡಿಗರು 163 ಜನರಿಗೆ ನಿತ್ಯಬಳಕೆಯ ವಸ್ತುಗಳಿಗೆ ಹೊಸ ಉಪಯೋಗ ಯೋಚಿಸಲು ಹೇಳಿ, ಅದೇ ಹೊತ್ತಿಗೆ ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಫ್‌ಎಂಆರ್‌ಐ ಸ್ಕ್ಯಾನ್ ಮೂಲಕ ಅವರ ಮಿದುಳನ್ನು ಗಮನಿಸಿದ್ದರು. ಮನಸ್ಸು ತನ್ನಷ್ಟಕ್ಕೆ ಅಲೆಯುವಾಗ ಚುರುಕಾಗುವ ಡಿಫಾಲ್ಟ್ ಜಾಲ (ಜಾಲವೆಂದರೆ ಒಟ್ಟಾಗಿ ಕೆಲಸ ಮಾಡುವ ಮಿದುಳಿನ ಭಾಗಗಳ ಗುಂಪು) ಮತ್ತು ಯೋಚನೆಗೆ ಲಗಾಮು ಹಾಕುವ ನಿಯಂತ್ರಣ ಜಾಲ ಸಾಮಾನ್ಯವಾಗಿ ಒಂದು ಎದ್ದರೆ ಇನ್ನೊಂದು ಕೂರುವಂಥವು. ಆದರೆ ಹೆಚ್ಚು ಸ್ವಂತಿಕೆಯ ಉತ್ತರ ಕೊಟ್ಟವರಲ್ಲಿ ಇವೆರಡೂ, ಯಾವುದು ಗಮನಾರ್ಹವೆಂದು ಆರಿಸುವ ಸೇಲಿಯನ್ಸ್ ಜಾಲವೂ ಬಿಗಿಯಾಗಿ ಹೆಣೆದುಕೊಂಡಿದ್ದವು.

ಗುಳೇದಗುಡ್ಡದ ನಮ್ಮ ಸೋದರಮಾವ ಖಣಕ್ಕೆ ಹೊಸ ಬುಟ್ಟಾ ಯೋಚಿಸುವಾಗ ಬಹಳ ಹೊತ್ತು ಗೋಡೆ ನೋಡುತ್ತ ಕೂತು, ಆಮೇಲೆ ಚೌಕಳಿ ಹಾಳೆಯಲ್ಲಿ ಎಳೆ ಎಣಿಸಿ ಬರೆದು, ಅರ್ಧಕ್ಕರ್ಧ ಅಳಿಸುತ್ತಿದ್ದುದನ್ನು ಕಂಡ ನನಗೆ ಇದು ಅಷ್ಟೇನೂ ಅಚ್ಚರಿಯಾಗಲಿಲ್ಲ.

ಸ್ವಭಾವದ ಐದು ಮುಖ್ಯ ಗುಣಗಳಲ್ಲಿ ಸೃಜನಶೀಲತೆಯೊಂದಿಗೆ ಹೆಚ್ಚು ನಂಟು ಕಂಡುಬಂದಿರುವುದು ಹೊಸ ಅನುಭವಕ್ಕೆ ತೆರೆದುಕೊಳ್ಳುವ ಗುಣಕ್ಕೆ. ಇವೆಲ್ಲ ನಂಟುಗಳೇ ಹೊರತು ಕಾರಣಗಳೆಂದು ಸಿದ್ಧವಾದವುಗಳಲ್ಲ. ಹೀಗಿರುವಾಗ, ಇಂಥ ಕೇಂದ್ರಗಳು ಮಕ್ಕಳ ಕಣ್ಣಿಗೆ ಬಟ್ಟೆ ಕಟ್ಟಿ ಬಣ್ಣ ಗುರುತಿಸಲು ಹಚ್ಚಿ, ಅದನ್ನೇ ಮಿದುಳಿನ ವಿಜ್ಞಾನವೆಂದು ಪಾಲಕರಿಂದ ಸಾವಿರಾರು ರೂಪಾಯಿ ಪಡೆಯುವುದನ್ನು ಶಿಕ್ಷಣ ಇಲಾಖೆಯ ಅಧಿಕಾರಿಗಳು ಒಮ್ಮೆ ಪರಿಶೀಲಿಸಬೇಕು.

– ನಿವೃತ್ತ ಶಿಕ್ಷಕ, ಗುಳೇದಗುಡ್ಡ