ಟ್ರೈಕೋಡರ್ಮಾ ಇನ್ನು ಮುಂದೆ ಹೆಸರು ಬರೆಸಿದವರಿಗೆ ಮಾತ್ರ

ತಿಕೋಟಾ, ವಿಜಯಪುರ ಜಿಲ್ಲೆ

ದ್ರಾಕ್ಷಿ, ದಾಳಿಂಬೆ, ನಿಂಬೆ ಬೆಳೆಯುವ ನಮ್ಮ ಸಂಘದ ಎಲ್ಲ ಸದಸ್ಯರಿಗೂ ಗ್ರಾಹಕರಿಗೂ ನಮಸ್ಕಾರಗಳು.

ಸೆಪ್ಟೆಂಬರ್ 1ರಿಂದ ನಮ್ಮ ಅಂಗಡಿಯ ಕಪಾಟಿನಲ್ಲಿ ಟ್ರೈಕೋಡರ್ಮಾ, ಅಂದರೆ ಬೇರಿನ ರೋಗ ಬರದಂತೆ ಬುಡಕ್ಕೆ ಹಾಕುವ ಜೈವಿಕ ಪುಡಿಯ ಪೊಟ್ಟಣಗಳು ಇರುವುದಿಲ್ಲ. ಬೇಕಾದವರು ಹತ್ತು ದಿನ ಮುಂಚೆ ಹೆಸರು ಬರೆಸಬೇಕು. ಬರೆಸಿದಷ್ಟನ್ನೇ ತರಿಸಿ, ಬಂದ ವಾರದೊಳಗೆ ನಿಮ್ಮ ಕೈಗೆ ಒಪ್ಪಿಸುತ್ತೇವೆ. ಬೆಲೆ ಹಿಂದಿನದೇ.

ಹೀಗೆ ಮಾಡಬೇಕಾಗಿ ಬಂದದ್ದು ನಮ್ಮದೇ ತಪ್ಪಿನಿಂದ. ಕಳೆದ ಬೇಸಿಗೆಯಲ್ಲಿ ದಾಳಿಂಬೆ ಬೆಳೆಯುವ ಸದಸ್ಯರೊಬ್ಬರು ಒಯ್ದಿದ್ದ ಪುಡಿಯಲ್ಲಿ ಉಳಿದದ್ದನ್ನು ತಿರುಗಿ ತಂದು ಮೇಜಿನ ಮೇಲಿಟ್ಟರು. ತಿಪ್ಪೆಗೊಬ್ಬರದಲ್ಲಿ ಕಲಸಿ ಹದಿನೈದು ದಿನ ಗೋಣಿಚೀಲ ಮುಚ್ಚಿಟ್ಟರೂ ಟ್ರೈಕೋಡರ್ಮಾ ಬೆಳೆದರೆ ಕಾಣಬೇಕಾದ ಹಸಿರು ಎಳ್ಳಷ್ಟೂ ಮೂಡಿರಲಿಲ್ಲ. ನಾವು ಜೋಳ ಬೇಯಿಸಿ, ಆರಿಸಿ, ಎರಡು ಗಾಜಿನ ಬಾಟಲಿಗಳಿಗೆ ತುಂಬಿದೆವು. ಒಂದಕ್ಕೆ ಅವರ ಪುಡಿ, ಇನ್ನೊಂದಕ್ಕೆ ಆಗಷ್ಟೇ ತರಿಸಿದ ಪುಡಿ ಚಿಟಿಕೆಯಷ್ಟು ಉದುರಿಸಿದೆವು. ಹೊಸ ಪುಡಿಯ ಬಾಟಲಿಯಲ್ಲಿ ಎರಡನೇ ದಿನಕ್ಕೆ ಬಿಳಿ ಎಳೆಗಳು ಕಾಳಿನಿಂದ ಕಾಳಿಗೆ ಹಬ್ಬಿದವು. ಐದನೇ ದಿನಕ್ಕೆ ಜೋಳವೆಲ್ಲ ಪಾಚಿ ಬಣ್ಣಕ್ಕೆ ತಿರುಗಿತ್ತು. ಇನ್ನೊಂದರ ಮುಚ್ಚಳ ತೆಗೆದರೆ ಹುಳಿತ ಜೋಳದ ನಾತ ಮಾತ್ರ.

ಪೊಟ್ಟಣದ ಮೇಲಿನ ಅವಧಿ ಇನ್ನೂ ಮುಗಿದಿರಲಿಲ್ಲ. ಆದರೆ ಅದು ಏಪ್ರಿಲ್, ಮೇ ಎರಡೂ ತಿಂಗಳು ನಮ್ಮ ತಗಡಿನ ಗೋದಾಮಿನಲ್ಲಿ ಯೂರಿಯಾ ಚೀಲಗಳ ಪಕ್ಕ ಬಿದ್ದಿತ್ತು. ಹೊರಗೆ 40 ಡಿಗ್ರಿ ದಾಟಿದ ದಿನಗಳಲ್ಲಿ ಆ ತಗಡಿನ ಕೆಳಗೆ ಎಷ್ಟಿದ್ದಿರಬೇಕು! ಟ್ರೈಕೋಡರ್ಮಾ ಚೆನ್ನಾಗಿ ಬೆಳೆಯುವುದು 25ರಿಂದ 30 ಡಿಗ್ರಿಯಲ್ಲಿ. ಅದೂ ಒಂದು ಶಿಲೀಂಧ್ರವೇ. ರೋಗ ತರುವ ಶಿಲೀಂಧ್ರದ ಎಳೆಗೆ ತನ್ನ ಎಳೆಯನ್ನು ಸುತ್ತಿ, ಕಿಣ್ವ ಸುರಿಸಿ, ಅದರ ಗೋಡೆಯನ್ನು ಕರಗಿಸಿ ತಿನ್ನುತ್ತದೆ. ಅದು ಹೀಗೆ ಬೇರೆ ಶಿಲೀಂಧ್ರಗಳನ್ನು ತಿನ್ನುತ್ತದೆಂದು ಅಮೆರಿಕದ ವಿಜ್ಞಾನಿ ವೈಂಡ್ಲಿಂಗ್ 1932ರಲ್ಲೇ ತೋರಿಸಿದ್ದರು. ಜೀವ ಇದ್ದರೆ ಮಾತ್ರ ಈ ಕೆಲಸ. ಸತ್ತ ಹೆಪ್ಪು ಹಾಕಿದರೆ ಹಾಲು ಮೊಸರಾಗುವುದಿಲ್ಲವಲ್ಲ, ಹಾಗೆ. ಒಂದು ಗ್ರಾಮ್ ಪುಡಿಯಲ್ಲಿ ಕನಿಷ್ಠ 20 ಲಕ್ಷ ಜೀವಕಣಗಳಿರಬೇಕು ಎಂಬ ನಿಯಮವಿದೆ. ನಾವು ಕೆಲವರಿಗೆ ಕೊಟ್ಟದ್ದು ಬರೀ ಬಳಪದ ಪುಡಿಯಾಗಿತ್ತು. ನಿಮ್ಮ ಹಣಕ್ಕಿಂತ, ಅದನ್ನು ನಂಬಿ ನೀವು ಕಳೆದುಕೊಂಡ ಹಂಗಾಮಿನ ದಿನಗಳಿಗಾಗಿ ನಮಗೆ ಹೆಚ್ಚು ನೋವಾಗಿದೆ. ದಯವಿಟ್ಟು ಕ್ಷಮಿಸಿ.

ಒಯ್ದ ಮೇಲೆ ನಿಮ್ಮ ಕಡೆಯಿಂದಲೂ ಜೋಪಾನ ಬೇಕು. ಒಂದು ಕಿಲೋ ಪುಡಿಗೆ ನೂರು ಕಿಲೋ ಕಳಿತ ತಿಪ್ಪೆಗೊಬ್ಬರ, ಜೊತೆಗೆ ಸ್ವಲ್ಪ ಬೇವಿನ ಹಿಂಡಿ ಕಲಸಿ, ನೆರಳಿನಲ್ಲಿ ಹಸಿ ಗೋಣಿ ಮುಚ್ಚಿ ಹದಿನೈದು ದಿನ ಬಿಡಿ. ಮೂರ್ನಾಲ್ಕು ದಿನಕ್ಕೊಮ್ಮೆ ನೀರು ಚಿಮುಕಿಸಿ, ತಿರುವಿ ಹಾಕಿ. ಬುಡಕ್ಕೆ ಹಾಕುವ ಹಿಂದೆ ಮುಂದೆ ಹದಿನೈದು ದಿನ ಅಲ್ಲಿಗೆ ಬೋರ್ಡೋ ದ್ರಾವಣವನ್ನಾಗಲಿ ಕಾರ್ಬೆಂಡಜಿಮ್ ಅನ್ನಾಗಲಿ ಸುರಿಯಬೇಡಿ. ರೋಗದ ಶಿಲೀಂಧ್ರವನ್ನು ಕೊಲ್ಲುವ ಮದ್ದು ಇದನ್ನೂ ಕೊಲ್ಲುತ್ತದೆ. ಇನ್ನು ಮೇಲೆ ಹೆಸರು ಬರೆಸುವಾಗ ನಮ್ಮ ಹುಡುಗರು ಕೊನೆಯ ಸಿಂಪರಣೆ ಯಾವುದು, ಯಾವಾಗ ಎಂದು ಕೇಳುತ್ತಾರೆ, ಬೇಸರಪಡದೆ ಹೇಳಿ.

ಯಾವುದಕ್ಕೆ ಆಗುವುದಿಲ್ಲ ಎಂಬುದನ್ನೂ ಮಾರುವವರೇ ಹೇಳಬೇಕು. ಇದು ಬೇರಿನ ರೋಗ ಬರದಂತೆ ಮೊದಲೇ ಹಾಕುವಂಥದ್ದು. ಸೊರಗಿ ಒಣಗಿದ ದಾಳಿಂಬೆ ಗಿಡವನ್ನು ಎಬ್ಬಿಸುವುದಿಲ್ಲ. ದಾಳಿಂಬೆಯ ಅಂಗಮಾರಿ ದುಂಡಾಣುವಿನಿಂದ ಬರುವ ರೋಗ, ಅದಕ್ಕೆ ಇದು ಮದ್ದಲ್ಲ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವುದರ) ನಂತರ ಮಳೆ ಹಿಡಿದರೆ ದ್ರಾಕ್ಷಿಯ ಡೌನಿ ಎಂಬ ಬೂಜು ರೋಗಕ್ಕೆ ಜೈವಿಕ ಮದ್ದೊಂದನ್ನೇ ನಂಬಿ ಕೂರಬೇಡಿ. ಬೂದಿ ರೋಗದ ಮಾತು ಬೇರೆ. ಕೊಯ್ಲು ಹತ್ತಿರವಾದಾಗ ಬ್ಯಾಸಿಲಸ್ ಸಬ್ಟಿಲಿಸ್ ಎಂಬ ಉಪಕಾರಿ ದುಂಡಾಣು ಅಥವಾ ಬೂದಿ ಶಿಲೀಂಧ್ರವನ್ನೇ ತಿಂದು ಬದುಕುವ ಆಂಪೆಲೊಮೈಸಿಸ್ ಬಳಸಿದರೆ ಹಣ್ಣಿನಲ್ಲಿ ವಿಷದ ಶೇಷದ ಚಿಂತೆ ಕಡಿಮೆ. ಸುಮಾರು ನಾಲ್ಕು ಕಿಲೋ ದ್ರಾಕ್ಷಿ ಒಣಗಿ ಒಂದು ಕಿಲೋ ಮಣೂಕ (ಒಣದ್ರಾಕ್ಷಿ) ಆಗುವ ನಮ್ಮ ಊರುಗಳಲ್ಲಿ ಇದು ಸಣ್ಣ ವಿಷಯವಲ್ಲ. ಇವೆರಡನ್ನೂ ಹೆಸರು ಬರೆಸಿದವರಿಗೇ ತರಿಸುತ್ತೇವೆ.

ಮಾರ್ಚ್‌ನಿಂದ ಜೂನ್‌ವರೆಗೆ ನಮ್ಮಲ್ಲಿ ಟ್ರೈಕೋಡರ್ಮಾ ಕೊಂಡ ಎಲ್ಲರಿಗೂ ಅಷ್ಟೇ ತೂಕದ ತಾಜಾ ಪುಡಿಯನ್ನು ಹಣ ಪಡೆಯದೆ ಕೊಡುತ್ತೇವೆ. ರಸೀದಿ ಇಲ್ಲದಿದ್ದರೂ ಬನ್ನಿ, ನಮ್ಮ ಉದ್ರಿ ಪುಸ್ತಕದಲ್ಲೂ ನಗದು ಪುಸ್ತಕದಲ್ಲೂ ನಿಮ್ಮ ಹೆಸರಿದೆ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ