ಆ ವಜ್ರ ಕೊಂಡದ್ದು ಯಾರು, ಕೂಸೆ?

ಶಿರಸಿ

ಪ್ರೀತಿಯ ಕೂಸೆ,

ನೀನು ಬರೆದು ಮೊಬೈಲಿಗೆ ಕಳಿಸಿದ ಹೆಣ್ಣಿನ ಚಿತ್ರವನ್ನು ಮೂರು ದಿನದಿಂದ ತೆಗೆತೆಗೆದು ನೋಡುತ್ತಿದ್ದೇನೆ. ಗುಲಾಬಿ ಹಿನ್ನೆಲೆ, ಕಪ್ಪು ಕನ್ನಡಕ, ಕೊರಳಲ್ಲಿ ವಜ್ರ, ತೋಳಲ್ಲಿ ಚರ್ಮದ ಚೀಲ, ಮುಖದ ತುಂಬ ಅಚ್ಚಿನ ಚುಕ್ಕಿ. ‘ಚಿಕ್ಕಿ, ಇವಳು ಯಾರ ಹಂಗೂ ಇಲ್ಲದ ಹೆಣ್ಣು’ ಎಂದು ಬರೆದಿದ್ದೆ. ನಿನ್ನ ಆಯಿಗೆ ಇದೆಲ್ಲ ಅತಿಯಾದ ಬೆಡಗು ಅನಿಸಿತಂತೆ. ನನಗೆ ಬೆಡಗಿನ ಮೇಲೆ ತಕರಾರಿಲ್ಲ. ಚೆಂದದ್ದು ಬೇಕೆಂದ ಹೆಣ್ಣಿನ ಹತ್ತಿರ ಮಾತ್ರ ಎಲ್ಲರೂ ಲೆಕ್ಕ ಕೇಳುತ್ತಾರೆ, ನಾನು ಕೇಳುವುದಿಲ್ಲ. ಕೇಳುವುದು ಇಷ್ಟೇ: ಆ ವಜ್ರ ಕೊಂಡದ್ದು ಯಾರು? ಚಿತ್ರದಲ್ಲಿ ಅದು ಗೊತ್ತಾಗುವುದಿಲ್ಲ.

ನಿನ್ನ ಚಿತ್ರದ ಅಚ್ಚಿನ ಶೈಲಿ ನೋಡಿ ಹಳೆಯ ಕತೆಯೊಂದು ನೆನಪಾಯಿತು. 1962ರ ಆಗಸ್ಟಿನಲ್ಲಿ ಹಾಲಿವುಡ್ ನಟಿ ಮರ್ಲಿನ್ ಮನ್ರೋ ತೀರಿಕೊಂಡ ಮೇಲೆ ಅಮೆರಿಕದ ಚಿತ್ರಕಾರ ಆಂಡಿ ವಾರ್ಹೊಲ್ ಅವಳ ಹಳೆಯದೊಂದು ಸಿನಿಮಾ ಪ್ರಚಾರದ ಫೋಟೋ ಹಿಡಿದು, ಅದೇ ಮುಖವನ್ನು ಮತ್ತೆ ಮತ್ತೆ ಅಚ್ಚೊತ್ತಿದ. ಅದೇ ವರ್ಷ ಸೂಪಿನ ಡಬ್ಬಿಗಳನ್ನು 32 ಕ್ಯಾನ್ವಾಸುಗಳಲ್ಲಿ ಸಾಲಾಗಿ ಇಟ್ಟವನೂ ಅವನೇ. ಡಬ್ಬಿಯನ್ನೂ ಹೆಣ್ಣಿನ ಮುಖವನ್ನೂ ಪೇಟೆ ಒಂದೇ ಕಪಾಟಿನಲ್ಲಿ ಇಡುತ್ತದೆ ಎಂಬುದು ಅವನ ಕಣ್ಣಿಗೆ ಬಿದ್ದಿತ್ತು ಎಂದೇ ನನ್ನ ನಂಬಿಕೆ. 1964ರಲ್ಲಿ ಅವನು ಮಾಡಿದ ಇನ್ನೊಂದು ಮರ್ಲಿನ್ 2022ರ ಹರಾಜಿನಲ್ಲಿ ಸುಮಾರು 19.5 ಕೋಟಿ ಡಾಲರಿಗೆ ಹೋಯಿತು. ಮುಖದ ಒಡತಿ ಹೋಗಿ ಆಗಲೇ ಹತ್ತಿರ ಹತ್ತಿರ 60 ವರ್ಷ.

ನೀನು ಪಾಲಿನ್ ಬೋಟಿಯನ್ನು ನೋಡು. ಇಂಗ್ಲೆಂಡಿನ ಚಿತ್ರಕಾರ್ತಿ, ಅದೇ ಕಾಲದವಳು. ಅವಳೂ 1963ರಲ್ಲಿ ಮರ್ಲಿನ್ನಳನ್ನು ಬರೆದಳು; ಆದರೆ ಅಲ್ಲಿ ಆಕೆ ಎರಡು ಹಸಿರು ಪಟ್ಟಿಗಳ ನಡುವಿನ ಸಂದಿಯಲ್ಲಿ ನಡೆದು ಬರುತ್ತಾಳೆ. ಬೋಟಿ 28ಕ್ಕೇ ಹೋದಳು. ಅವಳ ಚಿತ್ರಗಳು ಅಣ್ಣನ ಜಮೀನಿನ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಧೂಳು ತಿಂದು, 1990ರ ದಶಕದಲ್ಲಿ ಮತ್ತೆ ಬೆಳಕು ಕಂಡವು.

ಅಣ್ಣಂದಿರ ಮಾತು ಬಂತಲ್ಲ, ನಿನಗೆ ಹೇಳದ ಒಂದು ಸಂಗತಿ ಇದೆ. ಅಪ್ಪಯ್ಯನ ಅಡಿಕೆ ತೋಟ ಪಾಲಾದಾಗ ಹಕ್ಕು ಬಿಡುಗಡೆ ಪತ್ರಕ್ಕೆ ನಾನೂ ನಿನ್ನ ಆಯಿಯೂ ಓದದೆ ಸಹಿ ಹಾಕಿದೆವು. ಮಗಳಿಗೂ ಮಗನಷ್ಟೇ ಪಾಲು ಎಂದು 2005ರಲ್ಲೇ ಕಾನೂನು ತಿದ್ದುಪಡಿಯಾಗಿತ್ತು. ನಮ್ಮ ಸಹಿ ಅದರ ಮರುವರ್ಷದ್ದು. ನಮಗೆ ಸಿಕ್ಕಿದ್ದು ಒಂದೊಂದು ರೇಷ್ಮೆ ಸೀರೆ, ಎರಡೆರಡು ಬಳೆ. ನಿನ್ನ ಮಾವಂದಿರು ಕೆಟ್ಟವರಲ್ಲ. ಬಳೆ ತೊಟ್ಟು ಮದುವೆಮನೆಗೆ ಹೋದರೆ ಎಲ್ಲರೂ ‘ಎಷ್ಟು ಚೆಂದ’ ಎನ್ನುತ್ತಿದ್ದರು, ನಾನು ನಗುತ್ತಿದ್ದೆ. ಆ ನಗು ನಿನ್ನ ಚಿತ್ರದ ತುಟಿಯಲ್ಲೂ ಕಾಣುತ್ತಿದೆ ಮಗಾ, ಅದಕ್ಕೇ ಇಷ್ಟೆಲ್ಲ ಬರೆಯುತ್ತಿದ್ದೇನೆ.

ಕಾರವಾರದಲ್ಲಿ ಡ್ರಾಯಿಂಗ್ ಟೀಚರಾಗಿದ್ದಾಗ ಬೆಳಿಗ್ಗೆ ಬೈತಖೋಲ ಬಂದರಿಗೆ ಹೋಗಿ ಕೂರುತ್ತಿದ್ದೆ. ಬಂಗಡೆ ಬುಟ್ಟಿಗೆ ಹರಾಜು ಕೂಗುವ ಹೆಂಗಸೊಬ್ಬಳು ತಲೆಗೆ ಅಬ್ಬಲಿಗೆ ಮುಡಿದು, ಕಿವಿ ತುಂಬ ಚಿನ್ನ ಹಾಕಿಕೊಂಡು ಬರುತ್ತಿದ್ದಳು. ಸೊಂಟದ ಸಂಚಿಯಿಂದ ನೋಟು ತೆಗೆದು ಎಣಿಸುವಾಗ ಆ ಬೆರಳಿಗೆ ಇದ್ದ ನಿಧಾನವನ್ನು ಎಷ್ಟು ಸಲ ಪೆನ್ಸಿಲಿನಲ್ಲಿ ಹಿಡಿಯಲು ನೋಡಿದೆನೋ. ಆ ಚಿನ್ನ ಅವಳದೇ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ನಿನ್ನ ಚಿತ್ರದವಳ ಕೈ ಚೀಲದ ಹಿಂದೆ ಅಡಗಿದೆ. ಅದನ್ನು ಮುಂದೆ ತಾ. ವಜ್ರ ಇರಲಿ, ಗುಲಾಬಿಯೂ ಇರಲಿ. ಬಣ್ಣ ಮಾತ್ರ ಸ್ವಲ್ಪ ಕಡಿಮೆ ಮಾಡು. ಮಾರಿಕಾಂಬಾ ದೇವಸ್ಥಾನದ ಕಾವಿ ಚಿತ್ರ ನೆನಪಿದೆಯಲ್ಲ? ಸುಣ್ಣದ ಬಿಳಿ, ಅದರ ಮೇಲಿನ ಕೆಂಪು, ಕೆಂಪನ್ನು ಕೆರೆದಾಗ ಏಳುವ ಗೆರೆ. ಎರಡೇ ಬಣ್ಣದಲ್ಲಿ ಗೋಡೆ ತುಂಬ ದೇವತೆಗಳು ನಿಂತಿದ್ದಾರೆ. ಚಿಕ್ಕವಳಿದ್ದಾಗ ನನ್ನ ಸೆರಗು ಹಿಡಿದು ಅಲ್ಲಿಂದ ಏಳಲೇ ಒಲ್ಲೆ ಎಂದಿದ್ದೆ.

ಚಿತ್ರ ಮಾರಾಟವಾದರೆ ದುಡ್ಡು ನಿನ್ನ ಖಾತೆಗೇ ಬರಲಿ, ಪಾಸ್‌ಬುಕ್ ನಿನ್ನ ಹತ್ತಿರವೇ ಇರಲಿ. ಯಾರು ಯಾವ ಕಾಗದ ಚಾಚಿದರೂ ಕೊನೆಯ ಸಾಲಿನವರೆಗೆ ಓದು. ಅರ್ಥವಾಗದಿದ್ದರೆ ನನಗೆ ಫೋನ್ ಮಾಡು, ಎಷ್ಟು ಹೊತ್ತಾದರೂ ಸರಿ.

ಕೆಮ್ಮಣ್ಣು ಒಂದು ಪೊಟ್ಟಣ ಕಟ್ಟಿಟ್ಟಿದ್ದೇನೆ, ಬಸ್ಸಿನಲ್ಲಿ ಕಳಿಸುತ್ತೇನೆ. ಜರಡಿ ಹಿಡಿದೇ ಬಳಸು.

ನಿನ್ನ ಚಿಕ್ಕಿ