ಬೋಧಕರ ಓದಿಗೆ ದೇಣಿಗೆ: ಒಂದು ಮನವಿ

ಕ್ರಿಸ್ತನಲ್ಲಿ ಪ್ರಿಯ ಸಹೋದರ ಸಹೋದರಿಯರೇ,

ಮರಿಯಮ್ಮನವರ ಮಾತು ಬಂದರೆ ಸಾಕು, ಕ್ರೈಸ್ತರಲ್ಲಿ ಎರಡು ಪಾಳಯವಾಗುತ್ತದೆ. ‘ಅವರು ಮರಿಯಳನ್ನು ಆರಾಧಿಸುತ್ತಾರೆ’ ಎಂದು ಪ್ರೊಟೆಸ್ಟೆಂಟರ ಕಡೆ, ‘ಇವರಿಗೆ ಯೇಸುವಿನ ತಾಯಿಯೆಂದರೆ ಗೌರವವೇ ಇಲ್ಲ’ ಎಂದು ಕಥೋಲಿಕರ ಕಡೆ. ಎರಡೂ ಸರಿಯಲ್ಲ. ಆರಾಧನೆ ದೇವರೊಬ್ಬನಿಗೇ ಸಲ್ಲತಕ್ಕದ್ದು ಎಂಬುದೇ ಕಥೋಲಿಕ ಬೋಧನೆ. ಮರಿಯಮ್ಮನವರಿಗೆ ಸಲ್ಲುವುದು ವಿಶೇಷ ಗೌರವ. ಇತ್ತ ಪ್ರೊಟೆಸ್ಟೆಂಟ್ ಸುಧಾರಣೆಗೆ ನಾಂದಿ ಹಾಡಿದ ಮಾರ್ಟಿನ್ ಲೂಥರರು, ಪೋಪರು ಬಹಿಷ್ಕರಿಸಿದ 1521ರಲ್ಲೇ, ಬೈಬಲಿನಲ್ಲಿ ಆಕೆ ಹಾಡುವ ಸ್ತುತಿಗೀತೆಗೆ ಭಕ್ತಿಪೂರ್ಣ ವ್ಯಾಖ್ಯಾನ ಪ್ರಕಟಿಸಿದರು.

ಹಾಗೆಂದು ಭೇದಗಳು ಸುಳ್ಳಲ್ಲ. 431ರ ಎಫೆಸ ಮಹಾಸಭೆ ಎತ್ತಿಹಿಡಿದ ‘ದೇವಮಾತೆ’ ಎಂಬ ಬಿರುದನ್ನು ಕಥೋಲಿಕರೂ ಪೂರ್ವದ ಪ್ರಾಚೀನ ಸಭೆಗಳವರಾದ ಆರ್ಥೊಡಾಕ್ಸರೂ ಒಪ್ಪುತ್ತಾರೆ, ಲೂಥರರೂ ಒಪ್ಪಿದ್ದರು. ಮರಿಯಮ್ಮನವರು ಜನ್ಮಪಾಪದ (ಆದಾಮನಿಂದ ಮನುಷ್ಯರಿಗೆಲ್ಲ ಬಂದ ಪಾಪದ) ಸೋಂಕಿಲ್ಲದೆ ತಮ್ಮ ತಾಯಿಯ ಗರ್ಭದಲ್ಲಿ ಮೂಡಿದರು ಎಂಬ 1854ರ ಪೋಪರ ಘೋಷಣೆಯನ್ನು ಆರ್ಥೊಡಾಕ್ಸರು ಒಪ್ಪುವುದಿಲ್ಲ. ಆತ್ಮಶರೀರಗಳೊಡನೆ ಸ್ವರ್ಗ ಸೇರಿದರು ಎಂಬ 1950ರ ಘೋಷಣೆಗೂ ಬೈಬಲಿನಲ್ಲಿ ಆಧಾರವಿಲ್ಲ ಎನ್ನುವವರು ಪ್ರೊಟೆಸ್ಟೆಂಟರು. ಮತ್ತಾಯ 13:55 ಹೆಸರಿಸುವ ಯೇಸುವಿನ ಸಹೋದರರು ಯಾರು? ಮರಿಯಮ್ಮನವರ ಮಕ್ಕಳೇ, ಯೋಸೇಫನ ಮೊದಲ ಹೆಂಡತಿಯ ಮಕ್ಕಳೇ, ಹತ್ತಿರದ ಬಂಧುಗಳೇ? ಮೂರು ಉತ್ತರಗಳಿಗೂ ಹಳೆಯ ಕಾಲದಿಂದ ವಾದಿಸುವವರಿದ್ದಾರೆ. ಯುವಜನರ ಕೂಟದಲ್ಲಿ ಯಾರಾದರೂ ಇದನ್ನು ಕೇಳಿದರೆ ‘ಪ್ರಶ್ನೆ ಮಾಡಬೇಡ, ನಂಬು’ ಎಂದು ಬಾಯಿ ಮುಚ್ಚಿಸುವ ಬೋಧಕರು ಕೆಟ್ಟವರಲ್ಲ. ಅವರಿಗೆ ಯಾರೂ ಕಲಿಸಿಲ್ಲ, ಅಷ್ಟೇ.

ಕಲಿಸಬೇಕೆಂಬ ವಿಷಯದಲ್ಲಿ ಮಾತ್ರ ಜಗಳದ ಕಾಲದಲ್ಲೂ ಎರಡು ಕಡೆಯವರಿಗೆ ಒಮ್ಮತವಿತ್ತು. 1559ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಕ್ಯಾಲ್ವಿನರು ಜಿನೀವಾದಲ್ಲಿ ವಿದ್ಯಾಪೀಠ ತೆರೆದರು. 1563ರಲ್ಲಿ ಕಥೋಲಿಕರ ಟ್ರೆಂಟ್ ಮಹಾಸಭೆ ಧರ್ಮಪ್ರಾಂತ್ಯಗಳಲ್ಲಿ ಪಾದ್ರಿಗಳನ್ನು ತರಬೇತುಗೊಳಿಸುವ ಗುರುಮಠಗಳಿರಬೇಕೆಂದು ವಿಧಿಸಿತು.

ನಮ್ಮ ಟ್ರಸ್ಟ್ ಯಾವುದೇ ಸಭೆಗೆ ಸೇರಿದ ದೈವಶಾಸ್ತ್ರ ವಿದ್ಯಾರ್ಥಿಗಳಿಗೆ ನೆರವಾಗುತ್ತದೆ. ಗ್ರೀಕ್, ಹೀಬ್ರೂ ಕಲಿಸುವವರ ಸಂಬಳ, ಬಡ ವಿದ್ಯಾರ್ಥಿಗಳ ಊಟ ವಸತಿ, ಗ್ರಂಥಾಲಯ: ಹಣ ಬೇಕಾಗಿರುವುದು ಇವುಗಳಿಗೆ. ಪ್ರತಿ ವಿದ್ಯಾರ್ಥಿಯೂ ತನ್ನದಲ್ಲದ ಸಭೆಯ ಬೋಧನೆಯನ್ನು, ಆ ಸಭೆಯವರೇ ‘ಹೌದು, ನಾವು ನಂಬುವುದು ಇದನ್ನೇ’ ಎನ್ನುವಂತೆ ವಿವರಿಸಬಲ್ಲವನಾಗಬೇಕು ಎಂಬುದು ನಮ್ಮ ಹಟ. ಒಪ್ಪುವುದು ಬಿಡುವುದು ಆಮೇಲಿನ ಮಾತು.

ಕಟ್ಟಡಕ್ಕಾದರೆ ದೇಣಿಗೆ ಸಲೀಸಾಗಿ ಬರುತ್ತದೆ. ಗೋಡೆಯಲ್ಲಿ ದಾನಿಯ ಹೆಸರು ಕೆತ್ತಿಸಬಹುದು. ವಿದ್ಯಾರ್ಥಿಯ ಮೇಲೆ ಕೆತ್ತಿಸಲಾಗದು! ಆದ್ದರಿಂದಲೇ ಈ ಮನವಿ. ತಿಂಗಳು ತಿಂಗಳು ಕೊಡುವ ಸಣ್ಣ ಮೊತ್ತ ನಮಗೆ ಹೆಚ್ಚು ಉಪಯೋಗ, ಏಕೆಂದರೆ ಸಂಬಳವನ್ನೂ ತಿಂಗಳು ತಿಂಗಳೇ ಕೊಡಬೇಕು. ಪ್ರತಿ ದೇಣಿಗೆಗೂ ರಸೀದಿ ಕೊಡುತ್ತೇವೆ. ಲೆಕ್ಕಪತ್ರಗಳನ್ನು ಯಾರು ಬೇಕಾದರೂ ಕಚೇರಿಗೆ ಬಂದು ನೋಡಬಹುದು. ಪುಸ್ತಕ ಕೊಡಬಯಸುವವರು ದಯವಿಟ್ಟು ಮೊದಲು ಪಟ್ಟಿ ಕಳುಹಿಸಿ. ಪ್ರಾರ್ಥನಾ ಪುಸ್ತಕಗಳು ನಮ್ಮಲ್ಲಿ ಬೇಕಾದಷ್ಟಿವೆ, ಸಭಾ ಚರಿತ್ರೆಯ ಕಪಾಟು ಮಾತ್ರ ಅರ್ಧ ಖಾಲಿ.

ಟ್ರಸ್ಟಿನ ಪರವಾಗಿ,
ಕಾರ್ಯದರ್ಶಿ